ಮನೆಗೆ ಬರಲಾ ಎಂದು ಕೇಳಿದವಳಿಗೆ

ರಿಗ್ಗೈ, ಕುವೈತ್
25 ಏಪ್ರಿಲ್ 2025, ಶುಕ್ರವಾರ

ಪ್ರೀತಿಯ ಮಗಾ ಅಕ್ಷಿತಾ,

ಹೇಗಿದ್ದೀ? ಮೂಗು ಕಟ್ಟಿದ್ದು ಬಿಟ್ಟಿತಾ? ಮೊನ್ನೆ ಫೋನಿನಲ್ಲಿ ನಿನ್ನ ಸ್ವರ ಡಬ್ಬಿಯೊಳಗಿಂದ ಬಂದ ಹಾಗೆ ಕೇಳಿಸಿತು. ಕೇಳಿದರೆ "ಐ ಆಮ್ ಫೈನ್ ಅಮ್ಮಾ" ಅಂತೀ. ಹುಟ್ಟಿದಾಗಿನಿಂದ ನಿನ್ನ ಮೂಗು ಒರೆಸಿದವಳು ನಾನು, ಫೈನ್ ಯಾವುದು ಶೀತ ಯಾವುದು ಅಂತ ನನಗೆ ಗೊತ್ತಾಗುವುದಿಲ್ಲವಾ ಮಾರಾಯ್ತಿ? ಬಿಸಿನೀರು ಕುಡಿ. ಒದ್ದೆ ತಲೆಯಲ್ಲಿ ಕ್ಲಾಸಿಗೆ ಓಡಬೇಡ. ಇಲ್ಲಿಯಾದರೆ ಲಿಫ್ಟ್ ಇಳಿದು ಸ್ಕೂಲ್ ಬಸ್ ಹತ್ತುವಷ್ಟರಲ್ಲಿ ಕೂದಲು ಒಣಗುತ್ತಿತ್ತು. ಜಪಾನಿನ ಆ ನಗೋಯಾದಲ್ಲಿ ಹಾಗೆ ಒಣಗುವುದಿಲ್ಲ ಎಂದು ನಾನು ದಿನಾ ಮೊಬೈಲಿನಲ್ಲಿ ನಿನ್ನ ಊರಿನ ಹವೆ ನೋಡಿ ತಿಳಿದುಕೊಂಡಿದ್ದೇನೆ. ಅಲ್ಲಿ ಮಳೆ ಅಂತ ತೋರಿಸಿದರೆ ನಾನು ಇಲ್ಲಿ ಕೊಡೆ ಎಲ್ಲಿಟ್ಟಿದ್ದೇನೆ ಎಂದು ಹುಡುಕುತ್ತೇನೆ. ಹುಡುಕಿ ಏನು ಮಾಡುವುದು ಹೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಪಪ್ಪನ ಶುಗರ್ ಹದದಲ್ಲಿ ಉಂಟು, ನಾಲಿಗೆ ಮಾತ್ರ ಹದದಲ್ಲಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗುತ್ತೀಯೇನೋ. ಫೋನ್ ಬಂದ ಕೂಡಲೇ ಪಪ್ಪ ಅದನ್ನು ಸ್ಪೀಕರಿಗೆ ಹಾಕಿ, ಅರ್ದಿಯಾದ ಕಂಪೆನಿ ಗೋದಾಮಿನಲ್ಲಿ ಲಾರಿಯವರನ್ನು ಕರೆಯುವ ಸ್ವರದಲ್ಲಿ ನಿನಗೆ ಧೈರ್ಯ ಹೇಳುತ್ತಾರೆ. ಅಷ್ಟಾಗುವಾಗ ನಿನಗೆ ಕ್ಲಾಸಿಗೆ ಹೊತ್ತಾಗಿರುತ್ತದೆ. ನಮ್ಮ ಎದುರಿನ ಫ್ಲಾಟಿನ ಅಲೋಶಿಯಸ್ ಅಂಕಲ್ ಇವತ್ತು ಸಂಜೆ ಅವರ ಆಫೀಸಿನ ಸಾಹೇಬ, ಆ ಮುದೀರನ ಜೊತೆ ಕಾರಿನ ಬಿಡಿಭಾಗ ನೋಡಲು ನಿನ್ನ ಊರಿಗೇ ಹೊರಟಿದ್ದಾರೆ. "ಏನು ಬೇಕಾದರೂ ಕೊಡಿ ವಾರಿಜಕ್ಕ, ಉಪ್ಪಿನಕಾಯಿ ಒಂದು ಬೇಡ" ಎಂದರು. ಅದಕ್ಕೆ ಈ ಕಾಗದ. ನಾವು ಮನೆಯಲ್ಲಿ ಮಾತಾಡುವುದು ತುಳು, ಆದರೆ ನನಗೆ ಬರೆದು ಗೊತ್ತಿರುವುದು ಕನ್ನಡ ಮಾತ್ರ. ಶುಕ್ರವಾರ ಬೆಳಿಗ್ಗೆ ಊಟದ ಮೇಜಿನಲ್ಲಿ ನಿನ್ನನ್ನು ಅಳಿಸಿ ಕಲಿಸಿದ ಅಕ್ಷರ ಇವತ್ತಿಗಾದರೂ ಉಪಯೋಗಕ್ಕೆ ಬರಲಿ. ದೊಡ್ಡದಾಗಿ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ಕಸದ ಚೀಲದ ವಿಷಯ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಇಲ್ಲಿ ನಾವು ರಾತ್ರಿಯ ಮೀನಿನ ಮುಳ್ಳು, ಹಾಲಿನ ಬಾಟಲಿ, ಹಳೆ ಪೇಪರು ಎಲ್ಲ ಒಂದೇ ಕರಿ ಚೀಲಕ್ಕೆ ತುಂಬಿ ಬಾಗಿಲ ಹೊರಗೆ ಇಡುತ್ತೇವೆ, ಕಟ್ಟಡ ನೋಡಿಕೊಳ್ಳುವ ಹಾರಿಸ್ ಸಾಬಿತ್ ಭಾಯಿ ಒಯ್ಯುತ್ತಾರೆ. ನೀನು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಅಲ್ಲಿಯೂ ಹಾಗೇ ಇಟ್ಟೆ. ಒಯ್ಯಲು ಯಾರೂ ಬರಲಿಲ್ಲ, ಕಾರಿಡಾರಿನಲ್ಲಿ ವಾಸನೆ ಬಂತು, ಕೆಳಗಿನ ಮನೆಯ ಅಜ್ಜಿ ಬಂದು ನಿನ್ನ ಎದುರಿಗೇ ಚೀಲ ಬಿಚ್ಚಿ ಒಂದೊಂದನ್ನೇ ಬೇರೆ ಬೇರೆ ಮಾಡಿ ತೋರಿಸಿದರು. ಬೈಯಲಿಲ್ಲವಂತೆ, ತಲೆ ಬಗ್ಗಿಸಿ ನಕ್ಕರಂತೆ. ಅವರು ಬೈದಿದ್ದರೆ ನಿನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ, ಅಲ್ವಾ? ಹೊರಡುವ ಮೊದಲು ಅನ್ನ ಬಸಿಯುವುದು ಕಲಿಸಿದೆ, ಗುಂಡಿ ಹೊಲಿಯುವುದು ಕಲಿಸಿದೆ. ಕಸ ಎಸೆಯುವುದನ್ನೂ ಕಲಿಸಬೇಕೆಂದು ಯಾವ ತಾಯಿಗೆ ಹೊಳೆಯುತ್ತದೆ? ನನಗೇ ಗೊತ್ತಿಲ್ಲದ ಊರಿಗೆ ನಿನ್ನನ್ನು ಕಳುಹಿಸಿ, ನಾನಿಲ್ಲಿ ಕೈ ಕಟ್ಟಿ ಕೂತಿದ್ದೇನೆ. ಆ ಅಜ್ಜಿಯ ಎದುರು ಹೋಗಬೇಕಾಗುತ್ತದೆ ಎಂದು ನೀನು ಕೋಣೆಯಿಂದಲೇ ಹೊರಡುವುದಿಲ್ಲ, ಅಂಗಡಿಗೂ ಹೋಗದೆ ಕಪ್ ನೂಡಲ್ಸ್ ತಿಂದುಕೊಂಡಿದ್ದೀ ಎಂದು ಗೊತ್ತಾದ ದಿನ ನನಗೆ ಊಟ ಇಳಿಯಲಿಲ್ಲ. ಹಾಗೆ ಮಾಡಬೇಡ ಮಗಾ. ಅಜ್ಜಿಗೆ ಎರಡು ಬಾಳೆಹಣ್ಣು ತೆಗೆದುಕೊಂಡು ಹೋಗು. ಮಾತು ಬಾರದಿದ್ದರೆ ನೀನೂ ತಲೆ ಬಗ್ಗಿಸು.

ಅದರ ಮರುದಿನ ನೀನು ಕಳುಹಿಸಿದ ಮೆಸೇಜ್ ನನ್ನ ಫೋನಿನಲ್ಲಿ ಹಾಗೇ ಉಂಟು. "ಅಮ್ಮಾ, ಕ್ಯಾನ್ ಐ ಕಮ್ ಹೋಮ್?" ಅಷ್ಟೇ. ನಾನು ಅದಕ್ಕೆ ಹೃದಯದ ಚಿತ್ರ ಒತ್ತಿ ಸುಮ್ಮನಾದೆ. ನೀನು ಮತ್ತೆ ಕೇಳಲಿಲ್ಲ. ಕೇಳದಿದ್ದದ್ದೇ ನನ್ನನ್ನು ಸುಡುತ್ತಿದೆ. ಪ್ರತಿ ಸಲ ಫೋನ್ ಮಾಡುವಾಗ ನೀನು ಆ ಉತ್ತರಕ್ಕೆ ಕಾಯುತ್ತೀ ಎಂದು ನನಗೆ ಗೊತ್ತು, ಪಲ್ಯಕ್ಕೆ ಏನು ಹಾಕಿದೆ ಎಂದು ಕೇಳಿ ಮಾತು ತೇಲಿಸುತ್ತೇನೆ.

ಪಪ್ಪ ಹೇಳುವುದು ಇಷ್ಟು: ಹೊಸ ಜಾಗ ಯಾರಿಗೂ ಮೊದಲ ತಿಂಗಳು ಒಗ್ಗುವುದಿಲ್ಲ, ಅವರು ಕುವೈತಿಗೆ ಬಂದ ಹೊಸತರಲ್ಲಿ ಒಂಟೆಯ ಹಾಲು ಕುಡಿದು ಹೊಟ್ಟೆ ಹಾಳು ಮಾಡಿಕೊಂಡು ಅತ್ತಿದ್ದರಂತೆ, ಹಾಗೆ ನೋಡಿದರೆ ನೀನು ಗಟ್ಟಿ. ಈ ಕಥೆಯನ್ನು ಅವರು ಎಲ್ಲರಿಗೂ ಹೇಳಿ ಆಯಿತು, ಈಗ ಜಪಾನಿಗೂ ಹೋಗಲಿ. ಸೀಟು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ, ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಈ ವರ್ಷ ಹೇಗಾದರೂ ನಿಲ್ಲಲಿ ಎನ್ನುತ್ತಾರೆ. ಅವರು ಹೇಳುವುದು ಸರಿಯೇ ಇರಬಹುದು. ಎರಡನೇ ಮಾಳಿಗೆಯ ಹಸೀಬಾ ಆಂಟಿ ಮಾತ್ರ, "ಬಾಲೆ ಅಳುವುದಾದರೆ ಕರೆಸಿಕೊಳ್ಳಿ, ಓದು ಎಲ್ಲಿ ಹೋಗ್ತದೆ?" ಎಂದರು. ನನಗೆ ಇಬ್ಬರ ಮಾತೂ ಸರಿ ಎಂದೇ ಕಾಣುತ್ತದೆ, ಅದೇ ಕಷ್ಟ.

ಪಪ್ಪ ಓದಿ ನೋಡಿದರು. ಚೆನ್ನಾಗಿ ಬರೆದಿದ್ದೀ, ಇನ್ನು ಸಾಕು, ಹೆಚ್ಚು ಬರೆದರೆ ಹುಡುಗಿ ಅಳುತ್ತಾಳೆ ಎಂದರು. ಅವರೂ ನಿನ್ನನ್ನು ನೆನೆಯುತ್ತಾರೆ ಎಂದು ಬರೆಯಬೇಕಂತೆ, ಬರೆದೆ. ನಮ್ಮ ಕುಟುಂಬದ ದೈವಗಳು ನಿನ್ನ ಹಿಂದೆ ಮುಂದೆ ಇರಲಿ. ಕುವೈತಿನ ತನಕ ಬಂದವರಿಗೆ ಜಪಾನು ದೂರವಾಗಲಿಕ್ಕಿಲ್ಲ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ವಾರಿಜಾ

ಮರೆತದ್ದು: ಮೇಲಿನದ್ದು ಪಪ್ಪ ಓದಿದ್ದು, ಇದು ಓದದ್ದು. ಅವರು ಸ್ನಾನಕ್ಕೆ ಹೋಗಿದ್ದಾರೆ, ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸರಿ ಇಲ್ಲದಿದ್ದರೆ ಬೈಯಬೇಡ. ಪಪ್ಪನ ಕಂಪೆನಿ ಮುಚ್ಚಿತು. ವೀಸಾ ಕೊಟ್ಟ ಮಾಲಿಕ, ಆ ಕಫೀಲ್, ಎಲ್ಲರನ್ನೂ ಕರೆದು ಖಲಾಸ್ ಅಂದುಬಿಟ್ಟ. ಬೇರೆ ಕೆಲಸಕ್ಕೆ ಅಲೆದರು, ಈ ವಯಸ್ಸಿಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಮುಂದಿನ ತಿಂಗಳು ಅವರ ಇಕಾಮಾ ಕ್ಯಾನ್ಸಲ್, ಮತ್ತೆ ಈ ದೇಶದಲ್ಲಿ ಇರಲಿಕ್ಕೆ ಪರವಾನಗಿ ಇಲ್ಲ. ನನ್ನದೂ ನಿನ್ನದೂ ಅವರದರ ಕೆಳಗೇ ಇರುವುದು, ಮೂರೂ ಒಟ್ಟಿಗೆ ಹೋಗುತ್ತದೆ. ಈ ಫ್ಲಾಟು ಕಂಪೆನಿಯದು, ಅದನ್ನೂ ಬಿಡಬೇಕು. ನಾವು ಊರಿಗೆ, ಮಂಗಳೂರಿನ ಹತ್ತಿರದ ಕಿನ್ನಿಗೋಳಿಗೆ, ನಿನ್ನ ಮಾವನ ಮನೆಯ ಮಾಳಿಗೆಯ ಕೋಣೆಗೆ ಹೋಗುತ್ತೇವೆ. ನಿನಗೆ ಗೊತ್ತಾದರೆ ಕಾಲೇಜು ಬಿಟ್ಟು ಓಡಿ ಬರುತ್ತೀ ಎಂದು ಪಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದೆ. ಮನೆ ಅಂದರೆ ನಿನಗೆ ಇದೇ, ಬೇರೆ ಯಾವ ಮನೆಯೂ ನಿನಗೆ ಗೊತ್ತಿಲ್ಲ, ಅದಕ್ಕೇ ಮೆಸೇಜಿಗೆ ಉತ್ತರ ಬರೆಯಲಿಕ್ಕೆ ನನ್ನಿಂದ ಆಗಲಿಲ್ಲ. ಬಾ ಎನ್ನಲಿಕ್ಕೂ ಆಗುವುದಿಲ್ಲ, ಬರಬೇಡ ಎನ್ನುವ ತಾಯಿಯೂ ನಾನಲ್ಲ. ಅಲ್ಲಿ ಇರಲಿಕ್ಕೆ ಆಗುವುದೇ ಇಲ್ಲವಾದರೆ ಮಂಗಳೂರಿಗೆ ಟಿಕೆಟ್ ಮಾಡು, ಏರ್‌ಪೋರ್ಟಿನಲ್ಲಿ ನಾನು ನಿಂತಿರುತ್ತೇನೆ. ಕುವೈತಿಗೆ ಮಾಡಬೇಡ ಮಗಾ. ಇಲ್ಲಿ ಬಾಗಿಲು ತೆಗೆಯಲಿಕ್ಕೆ ಯಾರೂ ಇರುವುದಿಲ್ಲ.