ಅತ್ತೆ ಎದ್ದು ನಿಂತ ಸಭೆ

ಮೇ ೧೪, ಬುಧವಾರ

ಮಧ್ಯಾಹ್ನ ಮೀನುಗಾರಿಕೆ ಕಚೇರಿಯ ನಮ್ಮ ಸಾಹೇಬರು ಫೋನು ಮಾಡಿದರು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಕಡಲಿಗಿಳಿಯಬಾರದೆಂಬ ಹೊಸ ನಿಯಮಕ್ಕೆ ಹೋದ ವಾರವೇ ಸಹಿ ಬಿದ್ದಿದೆಯಂತೆ.

"ಸಭೆ ಬರೀ ತಿಳಿಸೋಕಮ್ಮಾ. ಊರವರನ್ನ ಕೇಳು ಅಂತ ನಿನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಇದಿನ್ನೂ ಕರಡು, ನಿಮ್ಮ ಮಾತು ಕೇಳಿಯೇ ಮುಂದಿನದು ಎಂದು ಬೆಳಿಗ್ಗೆ ಸಭೆಯಲ್ಲಿ ಸಾರಿದವಳು ನಾನು. ಹಾಗೆಂದೇ ನಂಬಿದ್ದೆ. ಊರ ಹೆಣ್ಣಿನ ಬಾಯಲ್ಲಿ ಹೇಳಿಸಿದರೆ ಜನ ಸುಮ್ಮನಿರುತ್ತಾರೆಂದು ನನಗೆ ಈ ಕೆಲಸ ಕೊಟ್ಟಿದ್ದಾರೆ. ಈಗ ಅರ್ಥವಾಗುತ್ತಿದೆ, ದಡ್ಡಿಗೆ.

ನಮ್ಮಲ್ಲಿ ಸಭೆಯೆಂದರೆ ದೋಣಿಯಿದ್ದವರದು. ಮೀನು ಒಣಗಿಸುವ ಹೆಂಗಸರು ಹೊರಗೆ ಬಲೆಯ ರಾಶಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಾರೆ. ಇವತ್ತು ನಾನು ಹಟ ಹಿಡಿದು ಅವರನ್ನು ಒಳಗೆ ಕರೆದೆ. ಗಂಡಸರೆದುರು ಎಂದೂ ಬಾಯಿ ಬಿಡದ ಅಪ್ಪನ ಅಕ್ಕ, ನನ್ನ ಅತ್ತೆ, ಸೆರಗಿಗೆ ಕೈಯೊರೆಸುತ್ತ ಎದ್ದು ನಿಂತಳು.

"ಕಡಲು ಮುಚ್ಚಿ, ಬೇಡ ಅನ್ನಲ್ಲ. ದೋಣಿಯವರಿಗೆ ಪರಿಹಾರ ಅಂದ್ರಿ. ಒಣಗ್ಸೋರ ಹೊಟ್ಟೆಗೇನು? ನಮ್ಮನ್ನೂ ಸೇರಿಸ್ಕೊಳ್ಳಿ."

ಅವಳ ಕೈ ನಡುಗುತ್ತಿತ್ತು. ಖಂಡಿತ ಸೇರಿಸುತ್ತೇವೆ ಎಂದುಬಿಟ್ಟೆ.

ಆದೇಶದಲ್ಲಿ ಒಣಗಿಸುವವರ ಸುದ್ದಿಯೇ ಇಲ್ಲ. ನಾಳೆ ಅದನ್ನು ಮೀನು ಮಾರುಕಟ್ಟೆಯ ಗೋಡೆಗೆ ಅಂಟಿಸಬೇಕಾದವಳೂ ನಾನೇ. ಯಾವ ಮುಖ ಹೊತ್ತು ಹೋಗಲಿ?

ಹೇಳಿಬಿಡೋಣವೆಂದು ಸಂಜೆಯೇ ಅತ್ತೆಯ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ, "ಸಭೇಲಿ ಒಂದು ಮಾತು ಹೇಳೋಕೆ ಮರ್ತೇಬಿಟ್ಟೆ ಕಣೆ. ಮುಂದಿನ ಸಭೆ ಯಾವಾಗ? ಈ ಸಲ ಕೈ ನಡುಗಲ್ಲ ನೋಡು," ಎಂದಳು.

ಸದ್ಯದಲ್ಲೇ ಇದೆ ಎಂದು ಹೇಳಿ ಎದ್ದುಬಂದೆ. ಅತ್ತೆಗೆ ಓದು ಬರದು. ನಾಳೆ ಆ ಗೋಡೆಯ ಮುಂದೆ ನಿಂತು, ಏನು ಬರೆದಿದೆ ಓದು ಮಗಳೇ, ಎಂದು ನನ್ನನ್ನೇ ಕೇಳುತ್ತಾಳೆ.