ಐದೇ ಮಕ್ಕಳ ತಂಡ

ಅಬುಧಾಬಿ
ಶುಕ್ರವಾರ, 9 ಸೆಪ್ಟೆಂಬರ್ 2005

ಪ್ರೀತಿಯ ಸುಸನ್,

ಹೇಗಿದ್ದೀಯ? ಈಸ್ಟರ್ ಮುಗಿದ ಮರುವಾರ ಬಂದ ನಿನ್ನ ಪತ್ರಕ್ಕೆ ಗಣಪತಿ ಹಬ್ಬ ಮುಗಿಸಿಕೊಂಡು ಉತ್ತರ ಬರೆಯಲು ಕೂತಿದ್ದೇನೆ. ಬೈದುಕೋ, ಬೈಸಿಕೊಳ್ಳಬೇಕಾದ್ದೇ. ಮಧ್ಯೆ ರಘು ಮೊಣಕಾಲು ನೋವೆಂದು ಒಂದು ತಿಂಗಳು ಆಸ್ಪತ್ರೆಗೆ ಅಲೆದಾಡಿದರು, ಮಾನ್ಯಳ ಹತ್ತನೇ ಕ್ಲಾಸಿನ ರಿಸಲ್ಟು, ಆಮೇಲೆ ಹನ್ನೊಂದನೇ ಕ್ಲಾಸಿಗೆ ಸೇರಿಸುವ ಓಡಾಟ. ಇವೆಲ್ಲ ನಿಜವೇ, ಆದರೂ ಐದು ತಿಂಗಳು ತಡ ಮಾಡುವಷ್ಟಲ್ಲ. ಎರಡು ಸಲ ಬರೆಯಲು ಕೂತು ಎದ್ದುಬಿಟ್ಟೆ.

ನಾರ್ಬರ್ಟ್ ಅವರು ಜುಬೈಲಿನ ಕೆಲಸದಲ್ಲಿ ಇನ್ನೂ ಎರಡು ವರ್ಷ ಒಬ್ಬರೇ ಇರಬೇಕಾಗುತ್ತದೆ ಎಂದು ನೀನು ಬರೆದಿದ್ದೆ. ಮೆಲ್ವಿನ್ ಪಿಯುಸಿ ಎರಡನೇ ವರ್ಷ, ನಿನಗಿಂತ ಒಂದು ಗೇಣು ಎತ್ತರ, ಅಪ್ಪ ಫೋನ್ ಮಾಡಿದರೆ ಎರಡು ಮಾತಾಡಿ ರಿಸೀವರ್ ನಿನ್ನ ಕೈಗೆ ಕೊಡುತ್ತಾನೆ ಎಂದೂ ಬರೆದಿದ್ದೆ. ನನಗೆ ಗೊತ್ತಿರುವ ಮೆಲ್ವಿನ್ ಬಾತ್‌ರೂಮಿನೊಳಗಿನಿಂದಲೂ ಮಾತಾಡುತ್ತಿದ್ದ.

ಈಗ ಒಂದು ಸುದ್ದಿ ಹೇಳುತ್ತೇನೆ. ಹೋದ ಶುಕ್ರವಾರ ನಾನು ಐಸ್ ರಿಂಕಿಗೆ ಹೋಗಿದ್ದೆ! ಮಾನ್ಯ ಈ ಬೇಸಿಗೆ ಅಲ್ಲಿ ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಾಳೆ. ಅದೇ ಬೇಸಿಗೆಯ ಐಸ್ ಹಾಕಿ ಆಟ, ಅದೇ ನಾಲ್ಕು ನಾಲ್ಕು ಮಕ್ಕಳ ಆಟ. ಇಷ್ಟು ವರ್ಷ ಏನೋ ನೆಪ ಹೇಳಿ ರಘುವನ್ನೇ ಕಳಿಸುತ್ತಿದ್ದೆ. ಅವರ ಮೊಣಕಾಲಿನಿಂದಾಗಿ ಈ ಸಲ ನಾನೇ ಹೋಗಬೇಕಾಯಿತು. ಹೊರಗೆ ನಲವತ್ತೈದು ಡಿಗ್ರಿ, ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ. ಒಳಗೆ ಕಾಲಿಟ್ಟೊಡನೆ ಆ ಚಳಿ, ಆ ರಬ್ಬರ್ ನೆಲದ ವಾಸನೆ, ಬಾಡಿಗೆ ಸ್ಕೇಟುಗಳೊಳಗಿನ ಒದ್ದೆ ಸಾಕ್ಸಿನ ವಾಸನೆ. ನನಗೆ ಗೊತ್ತಿಲ್ಲದ ಹಾಗೆಯೇ ಪಕ್ಕದಲ್ಲಿ ನಿನಗೂ ಜಾಗ ಬಿಟ್ಟು ಕೂತೆ.

ತೊಂಬತ್ತೆಂಟರ ಬೇಸಿಗೆ ಎಲ್ಲ ನೆನಪಾಯಿತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಓದು. ಬರೆಯುವುದರಲ್ಲಿ ನನಗೊಂದು ಸುಖವಿದೆ.

ಟೂರಿಸ್ಟ್ ಕ್ಲಬ್ ಏರಿಯಾದ ಆ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಂದು ರೂಮು ನಿಮ್ಮದು, ಒಂದು ನಮ್ಮದು, ಅಡುಗೆಮನೆ ಇಬ್ಬರದ್ದು. ಮೈಸೂರಿನ ನಮ್ಮ ತಾಯಿಗೆ ಇದು ಗೊತ್ತಾದಾಗ, "ಮೀನು ಬೇಯಿಸೋ ಮನೇಲಿ ಹೇಗೇ ಊಟ ಮಾಡ್ತೀಯ?" ಎಂದು ಕೇಳಿದ್ದರು. ನೀನು ನಮ್ಮ ಏಕಾದಶಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ದಿನ ಬರೀ ಸಾರು ಮಾಡುತ್ತಿದ್ದೆ. ಅವರಿಗೆ ಇದನ್ನು ಹೇಳಿದರೂ ನಂಬಲಿಲ್ಲ.

ಆ ವರ್ಷ ಎರಡು ಮನೆಯವರಿಗೂ ರಜೆಗೆ ಊರಿಗೆ ಹೋಗಲು ಆಗಲಿಲ್ಲ. ಕೆಳಗಿನ ಗ್ರೋಸರಿಯಲ್ಲಿ ಉಮ್ಮರಬ್ಬ ಅಂಟಿಸಿಕೊಂಡಿದ್ದ ಚೀಟಿಯನ್ನು ನೋಡಿ ಬಂದವಳು ನೀನೇ. ಇಂಗ್ಲಿಷ್ ಶಾಲೆಯ ಬಿಳಿಯರ ಮಕ್ಕಳೆಲ್ಲ ಬೇಸಿಗೆಗೆ ತಮ್ಮ ದೇಶಕ್ಕೆ ಹೋಗಿಬಿಡುವುದರಿಂದ ರಿಂಕಿನಲ್ಲಿ ದೊಡ್ಡ ತಂಡಗಳಿಲ್ಲ, ಉಳಿದ ಮಕ್ಕಳಿಗೆ ಅರ್ಧ ಅಂಗಳದಲ್ಲಿ ಸಣ್ಣ ಸಣ್ಣ ತಂಡಗಳ ಆಟ, ಯಾರು ಬೇಕಾದರೂ ಬರಬಹುದು ಎಂದು ಅದರಲ್ಲಿತ್ತು.

"ಅಕ್ಕಾ, ಅದು ನಮ್ಮ ಮಕ್ಕಳಿಗೆ ಆಗುವ ಆಟ ಅಲ್ಲ. ಬಿದ್ದರೆ ಹಲ್ಲು ಹೋಗ್ತದೆ," ಎಂದರು ಉಮ್ಮರಬ್ಬ.

"ಮಕ್ಕಳು ಮನೆಯೊಳಗೆ ಟಿವಿ ನೋಡಿ ನೋಡಿ ಹಾಳಾಗ್ತಾರೆ ಮಾರಾಯ್ತಿ," ಎಂದೆ ನೀನು ನನಗೆ. "ಹಾಲುಹಲ್ಲು ಹೇಗೂ ಹೋಗ್ಲಿಕ್ಕೇ ಉಂಟಲ್ಲ, ಐಸಲ್ಲೇ ಹೋಗ್ಲಿ!"

ನನಗೆ ಭಯವಿದ್ದದ್ದು ಹಲ್ಲಿನದ್ದಲ್ಲ. ಮಾನ್ಯಳಿಗೆ ಆಗ ಒಂಬತ್ತು. ತನ್ನ ಹೆಸರಿನ ಮೊದಲ ಅಕ್ಷರವೇ ಅವಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಹೆಸರು ಕೇಳಿದವರ ಮುಂದೆ ಮ, ಮ, ಮ ಎಂದು ನಿಂತು, ಮಕ್ಕಳು ನಕ್ಕು, ಆಮೇಲೆ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಎಲ್ಲಕ್ಕೂ ತಲೆಯಾಡಿಸುವುದು. ಆ ವರ್ಷ ಶಾಲೆಯಿಂದ ಎರಡು ಸಲ ನನ್ನನ್ನು ಕರೆಸಿದ್ದರು. ಅವಳ ಮಾತು ಮುಗಿಯುವ ತನಕ ಕಾಯುತ್ತಿದ್ದ ಮಗು ಒಂದೇ, ನಿನ್ನ ಮೆಲ್ವಿನ್. ಅವನಿಗೆ ಹತ್ತು ವರ್ಷ. ಅಷ್ಟು ವಟವಟ ಎನ್ನುವ ಹುಡುಗ ಅವಳು ಬಾಯಿ ತೆರೆದರೆ ಮಾತ್ರ ಸುಮ್ಮನಾಗುತ್ತಿದ್ದ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಮೊದಲ ದಿನ ನೆನಪಿದೆಯಾ? ನಾರ್ಬರ್ಟ್ ಅವರ ಹಳೇ ಸನ್ನಿ ಕಾರು, ಎಸಿ ಕೆಟ್ಟಿದೆ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು, ಮೈಸೂರಿನಿಂದ ತಂದ ಉಣ್ಣೆಯ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಬೆವರು ಸುರಿಸುತ್ತಾ ಕೂತಿವೆ. ಸಿಗ್ನಲ್ಲಿನಲ್ಲಿ ಪಕ್ಕದ ಟ್ಯಾಕ್ಸಿಯವನು ನಮ್ಮನ್ನು ನೋಡಿ ತಲೆ ಕೆಟ್ಟಿದೆಯಾ ಎನ್ನುವ ಹಾಗೆ ಕೈ ತಿರುಗಿಸಿದ.

ಕೋಚ್ ಅಬ್ಬಾಸ್ ಲೆಬನಾನಿನವನು, ಬೆಳೆದದ್ದು ಕೆನಡಾದಲ್ಲಿ. ಸ್ಕೇಟು ಕಟ್ಟಿಕೊಂಡ ನಮ್ಮ ಮಕ್ಕಳು ಗೋಡೆ ಹಿಡಿದು ನಿಂತದ್ದನ್ನು ನೋಡಿ ಜೋರಾಗಿ ನಕ್ಕ. "ಯಲ್ಲಾ, ಯಲ್ಲಾ, ಕಮಾನ್! ಫಸ್ಟ್ ಲೆಸನ್, ಎವ್ರಿಬಡಿ ಫಾಲ್!" ಎಂದು ತಾನೇ ದೊಪ್ಪನೆ ಬಿದ್ದು ತೋರಿಸಿದ. ಎಲ್ಲ ಮಕ್ಕಳೂ ಬಿದ್ದವು. ಬೀಳುವುದೇ ಪಾಠವಾದ ಮೇಲೆ ಭಯ ಎಲ್ಲಿಯದು? ಮಾನ್ಯ ಕೂಡ ಬಿದ್ದಳು, ಎದ್ದಳು, ಮತ್ತೆ ಬೇಕೆಂದೇ ಬಿದ್ದಳು.

ಸ್ಕೋರ್ ಬೋರ್ಡನ್ನು ಅವನು ಹಚ್ಚುತ್ತಲೇ ಇರಲಿಲ್ಲ. ಯಾರು ಗೆದ್ದರು ಎಂದು ಮಕ್ಕಳು ಕೇಳಿದರೆ "ಸ್ಕೋರ್ ಮಾಫಿ, ಖಲಾಸ್!" ಸ್ಕೋರೂ ಇಲ್ಲ ಏನೂ ಇಲ್ಲ, ಮುಗಿಯಿತು ಎಂದು ಕೈ ಕೊಡವುತ್ತಿದ್ದ. ಮಕ್ಕಳು ಬಿಡುತ್ತವೆಯೇ, ಕಾರಿನಲ್ಲಿ ಬೆರಳು ಮಡಚಿ ಎಣಿಸುತ್ತಿದ್ದವು.

ನಮ್ಮ ತಂಡದಲ್ಲಿ ಸರಿಯಾಗಿ ಐದೇ ಮಕ್ಕಳು. ನಾಲ್ವರು ಆಡುವವರು, ಗೋಲಿನ ಮುಂದೆ ಒಬ್ಬರು. ಮೆಲ್ವಿನ್, ಫಿಲಿಪೀನ್ಸಿನ ಅವಳಿ ಸೋದರರು, ಈಜಿಪ್ಟಿನ ಔಷಧಿ ಅಂಗಡಿಯವರ ಆರು ವರ್ಷದ ಪುಟಾಣಿ, ಮತ್ತೆ ಗೋಲಿನಲ್ಲಿ ಮಾನ್ಯ. ಅವಳನ್ನು ಗೋಲಿಗೆ ಹಾಕಿದ್ದು ನೆಟ್ಟಗೆ ಸ್ಕೇಟ್ ಮಾಡಲು ಬರುವುದಿಲ್ಲವೆಂದು. ಒಬ್ಬರು ತಪ್ಪಿಸಿದರೂ ಆಟವಿಲ್ಲ, ಇನ್ನು ಬೇರೆ ಮಕ್ಕಳಿಲ್ಲ ಎಂದು ಅಬ್ಬಾಸ್ ಮೊದಲೇ ಹೇಳಿದ್ದ. ಅದಕ್ಕೇ ಅಲ್ಲವೇ, ಮೆಲ್ವಿನ್‌ಗೆ ಜ್ವರ ಬಂದ ದಿನ ನೀನು ಕಷಾಯ ಕುಡಿಸಿ, ಎರಡು ಬನಿಯನ್ ಹಾಕಿಸಿ ಕರೆತಂದದ್ದು?

ಜುಲೈ ಮೂರನೇ ಶುಕ್ರವಾರ. ನಾನು ಸಾಯುವ ತನಕ ಆ ದಿನ ಮರೆಯುವುದಿಲ್ಲ. ಮೆಲ್ವಿನ್ ಆ ಕರಿ ರಬ್ಬರ್ ಬಿಲ್ಲೆ, ಪಕ್ಕನ್ನು ಸ್ಟಿಕ್ಕಿನಲ್ಲಿ ತಳ್ಳುತ್ತಾ ನಮ್ಮ ಗೋಲಿನ ಹತ್ತಿರ ತಿರುಗಿಕೊಳ್ಳುತ್ತಿದ್ದಾನೆ, ಹಿಂದಿನಿಂದ ದಪ್ಪ ಹುಡುಗನೊಬ್ಬ ರಭಸದಿಂದ ಬರುತ್ತಿದ್ದಾನೆ, ಇವನಿಗೆ ಕಾಣುತ್ತಿಲ್ಲ.

"ಮೆಲ್ವಿನ್! ಬಿಹೈಂಡ್ ಯೂ!"

ಇಡೀ ರಿಂಕಿಗೆ ಕೇಳಿಸುವಷ್ಟು ದೊಡ್ಡ ಕೂಗು. ಎಲ್ಲೂ ತಡೆಯಲಿಲ್ಲ, ಮ ಎಂದು ಸಿಕ್ಕಿಕೊಳ್ಳಲಿಲ್ಲ. ಅವನು ಪಕ್ಕಕ್ಕೆ ಸರಿದ, ಆ ಹುಡುಗ ಹೋಗಿ ಗೋಡೆಗೆ ಬಡಿದ. ಕೂಗಿದ್ದು ಯಾರೆಂದು ನನಗೆ ಒಂದು ಕ್ಷಣ ಗೊತ್ತಾಗಲೇ ಇಲ್ಲ. ನೀನು ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದೆ. "ಕೇಳಿತಾ ನಿನಗೆ? ಮಾರಾಯ್ತಿ, ನಿನ್ನ ಮಗಳು! ಕೇಳಿತಾ?" ನಿನ್ನ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲಿ ನೀರು, ಮುಂದಿನ ಗೋಲು ಇಬ್ಬರೂ ನೋಡಲಿಲ್ಲ.

ಆಮೇಲೆ ಪ್ರತಿ ಆಟದಲ್ಲೂ ಕೂಗಿದಳು. ಎಡಕ್ಕೆ, ಬಲಕ್ಕೆ, ಬಿಡು, ನಂದು! ಮನೆಯಲ್ಲಿ ಮಾತು ಇನ್ನೂ ತಡವರಿಸುತ್ತಿತ್ತು, ಆದರೆ ಬಾಯಿ ತೆರೆಯುತ್ತಿದ್ದಳು. ಆಗಸ್ಟಿನಲ್ಲಿ ಒಂದು ದಿನ ಉಮ್ಮರಬ್ಬರ ಅಂಗಡಿಗೆ ಒಬ್ಬಳೇ ಹೋಗಿ ಮೊಸರು ಕೇಳಿ ತಂದಳು. ಅವರು ಮೇಲೆ ಬಂದು ಬೆಲ್ ಒತ್ತಿ, "ಅಕ್ಕಾ, ಮಗು ಮಾತಾಡಿತು!" ಎಂದು ಹೇಳಿ ಹೋದರು.

ಕೊನೆಯ ಆಟ ಆಗಸ್ಟ್ ಇಪ್ಪತ್ತೆಂಟಕ್ಕೆ. ಮೆಲ್ವಿನ್ ಎದುರಿಗೆ ಗೋಲು ಖಾಲಿ, ಅವನ ಸ್ಟಿಕ್ಕಿನಲ್ಲಿ ಪಕ್. ಹೊಡೆಯುವುದು ಬಿಟ್ಟು ನಿಂತ. ಇಡೀ ಬೇಸಿಗೆ ಒಂದೂ ಗೋಲು ಹೊಡೆಯದ ಆ ಈಜಿಪ್ಟಿನ ಪುಟಾಣಿ ಕುಂಟುತ್ತಾ ಜಾರುತ್ತಾ ಬರುವ ತನಕ ಕಾದು, ಅವನ ಮುಂದಕ್ಕೆ ಮೆಲ್ಲಗೆ ತಳ್ಳಿದ. ಪುಟಾಣಿ ಹೊಡೆದ, ಹೊಡೆದು ಬಿದ್ದ, ಬಿದ್ದಲ್ಲೇ ಎರಡೂ ಕೈ ಎತ್ತಿದ.

"ಎಂತ ಹುಡುಗ ಮಾರ್ರೆ ಇವ! ತನ್ನ ಗೋಲನ್ನು ದಾನ ಮಾಡಿದ!" ಎಂದು ನಾರ್ಬರ್ಟ್ ಅವರು ಬೈಯುವ ಧ್ವನಿಯಲ್ಲಿ ಹೇಳಿ, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. ಅಬ್ಬಾಸ್ ಐದು ಮಕ್ಕಳಿಗೂ ಐಸ್‌ಕ್ರೀಮ್ ಕೊಡಿಸಿದ. ಅಷ್ಟು ಚಳಿಯಲ್ಲಿ ಐಸ್‌ಕ್ರೀಮ್!

ಮಾರನೇ ದಿನ ಶನಿವಾರ. ಬೆಳಗ್ಗೆ ಹನ್ನೊಂದಕ್ಕೇ ನಾರ್ಬರ್ಟ್ ಅವರು ಮನೆಗೆ ಬಂದರು, ತಮ್ಮ ಡ್ರಾಯಿಂಗ್ ಸಾಮಾನನ್ನೆಲ್ಲ ರಟ್ಟಿನ ಡಬ್ಬಿಯಲ್ಲಿ ಹಿಡಿದುಕೊಂಡು. ಬಾಗಿಲು ತೆರೆದವಳು ನೀನು. ಕಂಪನಿಯ ಪ್ರಾಜೆಕ್ಟ್ ಮುಗಿದಿದೆ, ಹದಿನೇಳು ಜನರ ವೀಸಾ ಕ್ಯಾನ್ಸಲ್. ನೀನು ಅವರ ಕೈಯಿಂದ ಡಬ್ಬಿ ಇಸಿದುಕೊಂಡೆ. ಅಳಲಿಲ್ಲ. ನಾಲ್ಕು ವಾರದಲ್ಲಿ ಆರು ವರ್ಷದ ಸಂಸಾರವನ್ನು ಕಾರ್ಗೋ ಪೆಟ್ಟಿಗೆಗಳಿಗೆ ತುಂಬಿದೆವು. ಆ ನಾಲ್ಕು ವಾರ ನಾರ್ಬರ್ಟ್ ಅವರು ಮೆಟ್ಟಿಲು ಹತ್ತದ ಆಫೀಸಿಲ್ಲ. ಎಲ್ಲ ಕಡೆ ಈಗ ಜಾಗ ಇಲ್ಲ, ಈಗ ತಾನೇ ಭರ್ತಿಯಾಯಿತು ಎಂಬ ಉತ್ತರ.

ನೀವು ಹೊರಟ ದಿನ ಬಿಲ್ಡಿಂಗಿನ ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಮಾನ್ಯಳಿಗೆ ಏನೋ ಹೇಳಬೇಕಿತ್ತು, ಮಾತು ಮತ್ತೆ ಸಿಕ್ಕಿಕೊಂಡಿತು. ಮೆಲ್ವಿನ್ ಒಂದು ಕಾಲು ಕಾರಿನೊಳಗೆ ಇಟ್ಟುಕೊಂಡೇ ಕಾದ. ಕೊನೆಗೆ ಅವಳು "ಮೆ...ಮೆಲ್ವಿನ್, ಬೈ" ಎಂದಳು. ಅಷ್ಟನ್ನು ಕೇಳಿಸಿಕೊಂಡೇ ಅವನು ಒಳಗೆ ಕೂತ.

ಹೋದ ಶುಕ್ರವಾರ ನೋಡಿದರೆ, ಆ ಮಾನ್ಯ ಹನ್ನೆರಡು ಮಕ್ಕಳ ನಡುವೆ ನಿಂತು, "ಕಮಾನ್, ಎವ್ರಿಬಡಿ ಫಾಲ್!" ಎಂದು ಕೂಗುತ್ತಿದ್ದಾಳೆ. ಈಗಲೂ ದಣಿದಾಗ ಮಾತು ಸ್ವಲ್ಪ ತೊಡರುತ್ತದೆ, ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳುವುದಿಲ್ಲ. ಬರುವಾಗ ಕಾರಿನಲ್ಲಿ ಕೇಳಿದಳು, "ಅಮ್ಮಾ, ಡು ಯು ಸ್ಟಿಲ್ ರೈಟ್ ಟು ಸುಸನ್ ಆಂಟಿ? ಟೆಲ್ ಮೆಲ್ವಿನ್ ಐ ಸೆಡ್ ಹಾಯ್." ಬರೆಯುತ್ತೇನೆ ಎಂದೆ. ಹಾಗಾಗಿ ಇವತ್ತು ಕೂತಿದ್ದೇನೆ.

ಮೆಲ್ವಿನ್‌ಗೆ ನನ್ನ ಆಶೀರ್ವಾದ ಹೇಳು, ಪರೀಕ್ಷೆ ಚೆನ್ನಾಗಿ ಆಗಲಿ, ಮನಸ್ಸಿಗೆ ಒಪ್ಪುವ ದಾರಿ ಅವನಿಗೆ ಸಿಗಲಿ. ನಾರ್ಬರ್ಟ್ ಅವರು ಬೇಗ ಊರು ಸೇರಿ ನಿಮ್ಮ ಜೊತೆ ಇರುವ ಹಾಗಾಗಲಿ. ನಿಮ್ಮ ದೇವರು, ನಮ್ಮ ದೇವರು ಇಬ್ಬರೂ ನಿಮ್ಮನ್ನು ಕಾಯಲಿ.

ನಿನ್ನ
ಇಂದ್ರಾಣಿ

ವಿ.ಸೂ.: ಕಾಗದವನ್ನು ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ, ಸುಸನ್. ನಿನ್ನ ಪತ್ರದ ಕೊನೆಯಲ್ಲಿ "ಸ್ವಂತ ಅಕ್ಕ ಕೂಡ ನಿನ್ನ ಹಾಗೆ ನೋಡಿಕೊಳ್ಳುತ್ತಿರಲಿಲ್ಲ" ಎಂದು ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡದೆ ಇದನ್ನು ಕಳಿಸಲಾರೆ.

ಆ ಹದಿನೇಳು ಹೆಸರು ನನಗೆ ಎರಡು ವಾರ ಮೊದಲೇ ಗೊತ್ತಿತ್ತು. ರಘು ಅದೇ ಕಂಪನಿಯಲ್ಲಿ ನೌಕರರ ಕಡತ ನೋಡುವ ಪರ್ಸನೆಲ್ ಸೆಕ್ಷನ್ನಿನಲ್ಲಿದ್ದರಲ್ಲ, ಪಟ್ಟಿ ಅವರ ಮೇಜಿಗೇ ಬಂದಿತ್ತು. "ಬಾಯಿ ಬಿಟ್ಟರೆ ನನ್ನ ಕೆಲಸವೂ ಹೋಗತ್ತೆ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಬರೀ ಸುಮ್ಮನಿದ್ದಿದ್ದರೆ ಹೆದರಿಕೆ ಎಂದು ಹೇಳಿಕೊಳ್ಳಬಹುದಿತ್ತು. ನಾನು ಸುಮ್ಮನಿರಲಿಲ್ಲ.

ಪಟ್ಟಿ ಬಂದ ವಾರದ ಒಂದು ಮಧ್ಯಾಹ್ನ ನೀನು ಮನೆಯಲ್ಲಿರಲಿಲ್ಲ, ಆಗ ಸಂಬಳಕ್ಕೆ ಹಗಲು ಹೊತ್ತು ನೋಡಿಕೊಳ್ಳುತ್ತಿದ್ದ ಬೇರೆಯವರ ಮಗುವನ್ನು ಅದರ ಮನೆಗೆ ಬಿಡಲು ಹೋಗಿದ್ದೆ. ನಾರ್ಬರ್ಟ್ ಅವರು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ, ತಮ್ಮ ಕ್ಲಾಸ್‌ಮೇಟ್ ಮುಹಿಯುದ್ದೀನ್ ದುಬೈಯಿಂದ ಫೋನ್ ಮಾಡಿದ್ದನ್ನು ಹೇಳಿದರು. ಅಲ್ಲಿನ ಸತ್ವಾದಲ್ಲಿರುವ ಅವನ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಖಾಲಿ ಇದೆ, ನಾಳೆಯೊಳಗೆ ಹೇಳಬೇಕು, ಅದೇ ವಾರ ಸೇರಬೇಕು. "ಸುಸನ್‌ಗೆ ಇನ್ನೂ ಹೇಳ್ಲಿಲ್ಲ. ಹೋದರೆ ಮೆಲ್ವಿನ್‌ನ ಆಟ ಅರ್ಧಕ್ಕೆ ನಿಲ್ತದೆ. ನಿಮ್ಮವರು ಆಫೀಸಿನ ಒಳಗೇ ಇರುವುದಲ್ವಾ, ನಮ್ಮ ಕಂಪನಿ ಎಂತ, ಗಟ್ಟಿ ಉಂಟಾ?" ಎಂದು ಕೇಳಿದರು.

ಮಾನ್ಯ ಕೂಗಲು ಶುರು ಮಾಡಿ ಒಂದು ತಿಂಗಳಾಗಿತ್ತು. ಮೆಲ್ವಿನ್ ಹೋದರೆ ತಂಡ ಇಲ್ಲ, ತಂಡ ಇಲ್ಲದಿದ್ದರೆ ಅವಳ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ರಘುವಿನ ಕೆಲಸ ಕೂಡ ನೆನಪಿರಲಿಲ್ಲ. "ಎಲ್ಲ ಚೆನ್ನಾಗಿದೆಯಂತೆ. ಸುಮ್ಮನೆ ಯಾಕೆ ಊರು ಬದಲಾಯಿಸ್ತೀರಿ?" ಎಂದೆ.

ಇದನ್ನು ಜುಬೈಲಿಗೆ ತಿಳಿಸುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ನನಗೆ ಉತ್ತರ ಬರೆಯದಿದ್ದರೂ ಸರಿ.

ಆ ಮಧ್ಯಾಹ್ನ ನನ್ನ ಮಾತು ಕೇಳಿ ನಾರ್ಬರ್ಟ್ ಅವರು ನಕ್ಕರು. "ನೀವು ಹೇಳಿದ್ರೆ ಮತ್ತೆ ಸಂಶಯ ಎಂತದ್ದು ಮಾರ್ರೆ," ಎಂದರು. ಲೋಟ ತೊಳೆದಿಟ್ಟು, ಮಕ್ಕಳಿಬ್ಬರನ್ನೂ ಕರೆದು ಆಟಕ್ಕೆ ಹೊರಟರು. ಮಾನ್ಯಳಿಗೆ ಭಾರವಾಗುತ್ತದೆಂದು ಅವಳ ಚೀಲವನ್ನೂ ತಾವೇ ಹೆಗಲಿಗೆ ಹಾಕಿಕೊಂಡರು.