ಶ್ರದ್ಧಾಂಜಲಿಯಲ್ಲಿ ಹೊದಿಸಿದ ಶಾಲು

ಮಾನ್ಯ ಅಧ್ಯಕ್ಷರೇ,

ನನ್ನ ಹೆಂಡತಿ ವಾರಿಜಾ ತೀರಿಕೊಂಡದ್ದಕ್ಕೆ ತಾವು ನನ್ನನ್ನು ಸನ್ಮಾನಿಸಿದಿರಿ. ಆ ಸನ್ಮಾನವನ್ನು ಹಿಂದಕ್ಕೆ ಪಡೆಯಬೇಕೆಂದು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ಕರೆಯೋಲೆಯ ಬಗ್ಗೆ ನನ್ನ ತಕರಾರಿಲ್ಲ. ಶ್ರದ್ಧಾಂಜಲಿ ಸಭೆ ‘ವಿಜೃಂಭಣೆಯಿಂದ ಜರುಗಿತು’ ಎಂದು ಸಭೆಗೆ ಮೊದಲೇ ಅಚ್ಚಾಗಿತ್ತು. ಒಂದೇ ವಾಕ್ಯದಲ್ಲಿ ವಾರಿಜಾ ‘ಅವರು’ ಆಗಿ ಹೊರಟು ‘ಅವಳು’ ಆಗಿ ಮುಟ್ಟಿದ್ದಳು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನ ಕಣ್ಣಿಗೆ ಚುಚ್ಚುತ್ತದೆ, ನಿಜ. ಆದರೆ ನುಡಿ ಎಡವಿದರೆ ಮುಂದಿನ ಅಚ್ಚಿದೆ. ನಡೆ ಎಡವಿದರೆ ಏನಿದೆ?

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ವೇದಿಕೆ ಹತ್ತಿದವರನ್ನು ಬರಿಗೈಯಲ್ಲಿ ಇಳಿಸುವ ಪದ್ಧತಿಯಿಲ್ಲ. ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ಸಾಲು ಸಾಲು ಚಪ್ಪಾಳೆ. ಸಾವೂ ಒಂದು ಸಾಧನೆಯೇ, ಸ್ವಾಮಿ? ಅಂದು ಎರಡು ಮಾತಾಡಿ ಎಂದು ನನ್ನನ್ನು ಕರೆದಿರಿ. ಬಾಯಿ ತೆರೆಯುವ ಮೊದಲೇ ಹೆಗಲಿಗೆ ಶಾಲು ಬಿತ್ತು. “ಇದೆಂಥದು ಮಾರಾಯ್ರೆ?” ಎಂದೆ. “ಬೇಗ ತಕ್ಕೊಳ್ಳಿ ಯಜ್ಞಣ್ಣ, ಮದುವೆ ಪಾರ್ಟಿಯವರು ಕಾಯ್ತಿದ್ದಾರೆ, ಹಾಲ್ ಖಾಲಿ ಮಾಡ್ಬೇಕು” ಎಂದಿರಿ. ಫೋಟೋ ತೆಗೆಯುವ ಲೀಲಾಧರ “ಅಣ್ಣ, ಸ್ಮೈಲ್!” ಎಂದ. ಸಭೆ ಚಪ್ಪಾಳೆ ತಟ್ಟಿತು. ನಾನು ನಕ್ಕೆ.

ಯಾಕೆ ನಕ್ಕೆ? ಸಂಘದ ಪ್ರತಿ ಸನ್ಮಾನಕ್ಕೂ ಹರಿವಾಣ ಹಿಡಿದು ನಿಂತವಳು ವಾರಿಜಾ. ಊರವರಿಗೆಲ್ಲ ಶಾಲು ಹೊತ್ತು ತಂದಳು, ತಾನೊಂದು ಹೊದೆಯಲಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತು ನಾನು ಅವಳತ್ತ ನೋಡಿ ನಗುತ್ತಿದ್ದೆ. ಅವಳು ನಗು ತಡೆಯಲು ತುಟಿ ಕಚ್ಚುತ್ತಿದ್ದಳು. ಅಂದೂ ಹರಿವಾಣ ಬಂತು. ಅಭ್ಯಾಸದಂತೆ ಅತ್ತ ನೋಡಿದೆ. ಹಿಡಿದವಳು ಬೇರೆ ಎಂದು ತಿಳಿಯುವಷ್ಟರಲ್ಲಿ ಫೋಟೋ ಆಗಿತ್ತು.

ಈಗ ಆ ನಗು ಸ್ಟೇಷನ್ ಎದುರಿನ ಫ್ಲೆಕ್ಸಿನಲ್ಲಿ ಜೋತಾಡುತ್ತಿದೆ: ‘ಈ ಸಾಲಿನ ಸನ್ಮಾನಿತರು’. ಕಾಲೇಜಿನಿಂದ ಬಂದ ಮಗಳು ಅಪೇಕ್ಷಾ ಮರಾಠಿಯಲ್ಲಿ ಕೇಳಿದಳು: “ಪಪ್ಪಾ, ತುಮ್ಹಿ ಹಸತ್ ಹೋತಾತ್?” ನಗ್ತಾ ಇದ್ರಾ ಅಂತ. ಹೌದು ಎಂದೆ. ಅಂದಿನಿಂದ ನನ್ನೊಡನೆ ಊಟಕ್ಕೆ ಕೂರುತ್ತಿಲ್ಲ. ನನಗೆ ಸಿಟ್ಟೂ ಬರುತ್ತಿಲ್ಲ, ಅಳುವೂ ಬರುತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯಂತಿದ್ದೇನೆ.

ಫ್ಲೆಕ್ಸ್ ಇಳಿಸಿ. ಶಾಲನ್ನು ಮಡಿಸಿ ಕಳಿಸಿದ್ದೇನೆ. ಹಣ್ಣು ಕೊಳೆತುಹೋಯಿತು, ಕ್ಷಮೆಯಿರಲಿ. ಇನ್ನೊಂದು ಬೇಡಿಕೆ. ಲೀಲಾಧರ ತೆಗೆದ ಹಳೆಯ ಫೋಟೋಗಳಲ್ಲೆಲ್ಲ ಅಂಚಿಗೆ ಒಂದು ಹರಿವಾಣವಿದೆ, ಎರಡು ಕೈಗಳಿವೆ. ಮುಖವೂ ಬಿದ್ದಿರುವ ಒಂದನ್ನು ಹುಡುಕಿಸಿ ಕೊಡಿ. ನಾನು ಯಾರನ್ನು ನೋಡಿ ನಕ್ಕೆ ಎಂದು ಮಗಳಿಗೆ ತೋರಿಸಬೇಕಾಗಿದೆ.

ಇಂತಿ,
ಈ ಸಾಲಿನ ಸನ್ಮಾನಿತ,
ಯಜ್ಞೇಶ್ವರ